ತ್ರೈರಾಶಿ ಲೆಕ್ಕದ ಮಾಲೀಷು

೧೯೪೧ರ ಮಾರ್ಚ್ ೩, ಸೋಮವಾರ, ಬೆಳಿಗ್ಗೆ ಆರೂವರೆ. ನನ್ನ ಉದ್ಯೋಗಪರ್ವ ಆರಂಭವಾದದ್ದು ಆ ಶುಭ ಗಳಿಗೆಯಲ್ಲಿ. ಕೊಪ್ಪಳದಿಂದ ಕುಷ್ಟಗಿಗೆ ಹೊರಟ ಮೋಟಾರಿನ ಹಿಂದಿನ ಸೀಟಿನಲ್ಲಿ, ತೊಡೆಯ ಮೇಲೆ ಹರಳೆಣ್ಣೆಯ ಗಡಿಗೆ ಇಟ್ಟುಕೊಂಡು ಕೂತಿದ್ದೆ.

ಉರ್ದುವಿನಲ್ಲಿ ಮಿಡ್ಲ್ ಪಾಸಾಗಿ, ಯಲಬುರ್ಗಾದಿಂದ ಗಂಗಾವತಿಯ ತನಕ ಎಲ್ಲ ಕಚೇರಿಗಳ ಬಾಗಿಲಿಗೂ ಸಲಾಮು ಹೊಡೆದಿದ್ದೆ. ಒಂದು ಬಾಗಿಲೂ ತಿರುಗಿ ಸಲಾಮು ಹೊಡೆಯಲಿಲ್ಲ. ಗಂಗಾವತಿಯಲ್ಲಿ ಮೆಣಸಿನಕಾಯಿ ವ್ಯಾಪಾರ ಮಾಡುವ ನನ್ನ ಮಾವ ಯುಗಾದಿಯ ತನಕ ವಾಯಿದೆ ಕೊಟ್ಟಿದ್ದರು. ಅಷ್ಟರೊಳಗೆ ಸ್ವಂತ ನೌಕರಿ ಸಿಗದಿದ್ದರೆ ನಾನು ಅವರ ಮನೆ ಅಳಿಯನಾಗಿ, ಅಂಗಡಿಯಲ್ಲಿ ಕೂತು ಜೀವಮಾನವಿಡೀ ಸೀನಬೇಕು.

"ಅಪ್ಪನ ಮನ್ಯಾಗ ನಾ ಮಗಳಾಗಿ ಇರತೀನ್ರಿ," ಎಂದಳು ಹೆಂಡತಿ ಗಂಗವ್ವ. "ನೀವು ಏನಾಗಿ ಇರತೀರಿ, ನೋಡ್ಕೋರಿ."

ಆಗಲೇ ಸುದ್ದಿ ಬಂತು. ಕುಷ್ಟಗಿಯ ಅರಳೆ ಸಾವುಕಾರರೊಬ್ಬರ ಗರಡಿಗೆ ಮಾಲೀಷು ಮಾಡುವವ ಬೇಕು. ಇರಲು ಕೋಣೆ, ಉಣ್ಣಲು ಜೋಳ, ಮೇಲೆ ಪಗಾರ. ಸೋಮವಾರ ಸಂಜೆ ನಾಲ್ಕಕ್ಕೆ ಅವರ ಪೈಲ್ವಾನ ಮಲ್ಲಪ್ಪನಿಗೂ ಯಲಬುರ್ಗಾದ ಪೈಲ್ವಾನನಿಗೂ ಕುಸ್ತಿ. ಅವತ್ತು ಮಲ್ಲಪ್ಪನನ್ನು ತಯಾರು ಮಾಡುವುದೇ ಪರೀಕ್ಷೆ.

ಈ ವಿದ್ಯೆ ನಮ್ಮ ಮನೆತನದಲ್ಲಿಯೇ ಇತ್ತು. ನನ್ನ ಅಜ್ಜಿ ಈರವ್ವ ಓಣಿಯ ಕೂಸುಗಳಿಗೆಲ್ಲ ಎಣ್ಣೆ ತಿಕ್ಕಿ ನೀರು ಎರೆಯುವವಳು. ನಾನು ಎಂಟು ದಿನ ಅವಳ ಪಕ್ಕದಲ್ಲಿ ಕೂತು ಎಲ್ಲವನ್ನೂ ಅಭ್ಯಾಸ ಮಾಡಿದೆ.

"ಕೂಸೇ ಬ್ಯಾರೆ, ಪೈಲ್ವಾನನೇ ಬ್ಯಾರೆ ತಮ್ಮಾ," ಎಂದಳು ಅಜ್ಜಿ.

ಗಾತ್ರ ಬದಲಾದರೆ ಲೆಕ್ಕ ಬದಲಾಗುತ್ತದೆ, ವಿದ್ಯೆ ಬದಲಾಗದು ಎಂದು ನಾನು ಅವಳಿಗೆ ತಿಳಿಸಿ ಹೇಳಿದೆ. ತ್ರೈರಾಶಿ ಕಲಿತವನಿಗೆ ಅಂಜಿಕೆ ಎಲ್ಲಿಯದು?

ಕುಷ್ಟಗಿಯಲ್ಲಿ ಇಳಿದು ಮಲ್ಲಪ್ಪನನ್ನು ಕಂಡ ಕೂಡಲೇ ಅಂದಾಜು ಹಾಕಿದೆ: ಮೂವತ್ತು ಕೂಸಿನ ತೂಕ. ಕೂಸಿಗೆ ಒಂದು ಚಮಚ ಎಣ್ಣೆಯಾದರೆ ಇವನಿಗೆ ಮೂವತ್ತು. ಕೂಸಿಗೆ ಎರಡು ತಂಬಿಗೆ ಬಿಸಿನೀರಾದರೆ ಇವನಿಗೆ ಅರವತ್ತು. ತಿಕ್ಕುವ ವೇಳೆ ಮಾತ್ರ, ಕೂಸಿಗೆ ಕಾಲು ತಾಸಿನಂತೆ, ಏಳೂವರೆ ತಾಸು ಬಂತು. ನಾಲ್ಕಕ್ಕೆ ಕುಸ್ತಿ ಇದ್ದುದರಿಂದ ದಯೆ ತೋರಿ ಮೂರು ತಾಸಿಗೆ ಇಳಿಸಿದೆ.

ನೆತ್ತಿಗೆ ಎಣ್ಣೆ ಒತ್ತಿದೆ. ಬಲಗೈಯನ್ನು ಎಡಗಾಲಿಗೆ, ಎಡಗೈಯನ್ನು ಬಲಗಾಲಿಗೆ ಮುಟ್ಟಿಸಿದೆ. ನೆಟ್ಟಗಾಗಲೆಂದು ಮೂಗು ಎಳೆದೆ. ಮೂಗು ಎಳೆದಾಗ ಮಲ್ಲಪ್ಪ ಥೇಟ್ ಕೂಸಿನಂತೆಯೇ ಚೀರಿದ. ನನ್ನ ವಿಶ್ವಾಸ ಇಮ್ಮಡಿಯಾಯಿತು! ಅರವತ್ತು ತಂಬಿಗೆ ಎರೆದೆ. ಲೋಬಾನದ ಹೊಗೆ ಹಾಕಿದೆ. ಎರಡು ಕೌದಿಯಲ್ಲಿ ಬಿಗಿಯಾಗಿ ಸುತ್ತಿದೆ.

ಮಲ್ಲಪ್ಪ ಒಮ್ಮೆ ನಕ್ಕ. ಆಮೇಲೆ ನಿದ್ದೆ ಹೋದ.

ನಾಲ್ಕಕ್ಕೆ ಹಲಗೆ ಬಾರಿಸಿದರು, ಏಳಲಿಲ್ಲ. ಕಿವಿಯ ಹತ್ತಿರ ತಂದು ಬಾರಿಸಿದರು, ಮಗ್ಗುಲು ಬದಲಿಸಿದ. ಗರಡಿಯ ಮಣ್ಣು ಮೈಗೆ ತಾಗಿದರೆ ಎದ್ದಾನೆಂದು ಹೊರಸಿನ ಸಮೇತ ಹೊತ್ತು ತಂದು ಅಖಾಡದಲ್ಲಿ ಉರುಳಿಸಿದರು. ಅವನು ಯಲಬುರ್ಗಾದ ಪೈಲ್ವಾನನ ಕಾಲನ್ನು ದಿಂಬೆಂದು ತಬ್ಬಿಕೊಂಡು ಗೊರಕೆ ಹೊಡೆಯತೊಡಗಿದ. ಎದುರಾಳಿ ಬಿಡಿಸಿಕೊಳ್ಳಲು ಒದ್ದಾಡಿದಾಗ ಕೈ ಸಡಿಲಿ, ಮಲ್ಲಪ್ಪ ಅಂಗಾತ ಹೊರಳಿದ.

ಹಿರಿಯ ಪಂಚರು ಬಗ್ಗಿ ನೋಡಿದರು. "ಬೆನ್ನು ಮಣ್ಣಿಗೆ ಹತ್ತೇತಿ. ಮುಗೀತು," ಎಂದರು.

ಸಾವುಕಾರರು ನೆಟ್ಟಗೆ ನನ್ನ ಕಡೆಗೇ ನಡೆದು ಬಂದರು. ಓಡಬೇಕೆಂದರೆ ಅಂಗಾಲಿಗೆಲ್ಲ ಎಣ್ಣೆ. ಮೆಣಸಿನಕಾಯಿಯ ಘಾಟು ಆಗಲೇ ಮೂಗಿಗೆ ಬಡಿದಂತಾಯಿತು.

"ಊರೆಲ್ಲ ಒದರಿದರೂ ಇವ ಹೆಂಗ ಮಲಗ್ಯಾನ ನೋಡು," ಎಂದರು ಸಾವುಕಾರರು, ಮೆಲ್ಲಗೆ. "ಅರಳಿ ಧಾರಣಿ ಬಿದ್ದಾಗಿನಿಂದ ಗಾದಿ ಮ್ಯಾಲ ಮಲಗಿದರೂ ನನಗ ಕಣ್ಣು ಹತ್ತಂಗಿಲ್ಲ. ಕುಸ್ತಿ ಹಾಳಾಗಿ ಹೋಗಲಿ. ನನಗೂ ಹಂಗ ಮಾಡ್ತಿಯೇನು?"

ಅವರ ಗಾತ್ರ ನೋಡಿದೆ. ಇಪ್ಪತ್ತೆರಡು ಕೂಸು.

"ಮಾಡ್ತೀನ್ರಿ," ಎಂದೆ.

ಮರುದಿನ ಮುಂಜಾನೆ ಸಾವುಕಾರರನ್ನು ಎಬ್ಬಿಸಲು ನಾಲ್ಕು ಮಂದಿ ಬೇಕಾಯಿತು. ಆ ಹೊತ್ತಿಗೇ ನೌಕರಿ ಖಾಯಂ! ಯುಗಾದಿಗೆ ಮಾವನವರೇ ಕುಷ್ಟಗಿಗೆ ಬಂದು, ನನ್ನ ಕೋಣೆಯನ್ನೂ ಜೋಳದ ಚೀಲವನ್ನೂ ನೋಡಿ, ಮನೆ ಅಳಿಯನ ಮಾತು ಎತ್ತದೆ, ತಮಗೂ ನಡ ಹಿಡಿದಿದೆ ಎಂದರು. ಅವರಿಗೂ ತಿಕ್ಕಿದೆ. ಮೂಗನ್ನು ಒಂದು ಸಲ ಹೆಚ್ಚಿಗೆ ಎಳೆದೆ.

ಗಂಗವ್ವನೂ ಸೋಲೊಪ್ಪಿದಳು. "ಗೆದ್ದಿರಿ ಬಿಡ್ರಿ. ಆದರ ಬಾವಿಕಟ್ಟಿ ಮ್ಯಾಲ ಹೆಣ್ಮಕ್ಕಳು ಕೇಳತಾರ, ಸಾವುಕಾರ್ರಿಗೆ ನೀರು ಎರಿಯೋ ಆಯಿ ನಿನ್ನ ಗಂಡನ ಏನು ಅಂತ."

ಪದವಿಗೆ ಹೆಸರು ಏನಾದರೂ ಇರಲಿ, ಪದವಿ ಪದವಿಯೇ. ಒಂದೇ ತೊಂದರೆ. ಎಂಟು ದಿನವಾದ ಮೇಲೆ ಸಾವುಕಾರರು ಕೌದಿಯೊಳಗಿಂದ ಮುಖ ಹೊರಗೆ ಹಾಕಿ, ನಿಮ್ಮಜ್ಜಿ ಕೂಸು ಮಲಗಿಸುವಾಗ ಜೋಗುಳ ಹಾಡುವುದಿಲ್ಲವೇ ಎಂದು ಕೇಳಿದರು. ನನಗೆ ಬರುವುದು ಒಂದೇ ಜೋಗುಳ, ಅದೂ ಗಿಡ್ಡ. ಹಾಡು ಮುಗಿದೊಡನೆ ಅವರು ಕಣ್ಣು ಬಿಡುತ್ತಾರೆ.

ಆದಕಾರಣ, ಉದ್ದನೆಯ ಜೋಗುಳ ಬಲ್ಲವರು ಯಾರಾದರೂ ಇದ್ದರೆ ಬೇಗನೆ ಬರೆದು ತಿಳಿಸಬೇಕಾಗಿ ವಿನಂತಿ. ರಾಗ ಕೆಳಗಿನ ಸ್ಥಾಯಿಯದಾಗಿದ್ದರೆ ಉಪಕಾರವಾದೀತು. ಮೇಲಿನ ಷಡ್ಜಕ್ಕೆ ಹೋದರೆ ನನ್ನ ದನಿಗೆ ಸಾವುಕಾರರ ಎಮ್ಮೆ ಓಗೊಡುತ್ತದೆ.