ಅಧ್ಯಕ್ಷರ ಟವಲು

ಚಳ್ಳಕೆರೆಯ ಸುವರ್ಣಗಂಧ ಎಣ್ಣೆ ಕಂಪನಿಯ ಗೋಡೆಗೆ ಒಂದು ದೇವರ ಕ್ಯಾಲೆಂಡರ್ ಇತ್ತು. ಹಬ್ಬ, ಹುಣ್ಣಿಮೆ, ಮದುವೆಯ ಮುಹೂರ್ತ, ಬ್ಯಾಂಕಿನ ರಜೆ, ಏನು ಬೇಕಾದರೂ ಅದರಲ್ಲಿ ಸಿಗುತ್ತಿತ್ತು. ಕಂಪನಿಯ ಕಾರ್ಯದರ್ಶಿ ಮಾರುತೇಶ ಸಭೆಯ ನೋಟೀಸು ಬರೆಯುವಾಗ ಅದರಲ್ಲಿ ತಾರೀಖನ್ನಷ್ಟೇ ನೋಡಿದ. ತಾರೀಖಿನ ಕೆಳಗೆ ಇರುವೆ ಸಾಲಿನ ಹಾಗಿದ್ದ ಸಣ್ಣ ಅಕ್ಷರಗಳನ್ನು ನೋಡಲಿಲ್ಲ. 'ನಿರ್ದೇಶಕರ ಸಭೆ, ಶುಕ್ರವಾರ ಬೆಳಿಗ್ಗೆ ಹತ್ತೂವರೆಗೆ' ಎಂದು ಟೈಪು ಮಾಡಿಸಿದ. ಅಧ್ಯಕ್ಷ ಕೊಟ್ಟೂರಪ್ಪನವರು ಅದಕ್ಕೆ ಓದದೆ ರುಜು ಹಾಕಿದರು. ಓದಿ ರುಜು ಹಾಕಿದರೆ ಎದುರಿಗಿರುವವನನ್ನು ಅನುಮಾನಿಸಿದಂತಾಗುತ್ತದೆ ಎಂಬ ದೊಡ್ಡ ಮನಸ್ಸು ಅವರದು.

ಎರಡು ಸಾವಿರದ ಮೂರನೇ ಇಸವಿಯ ಮಾತು ಇದು. ಕಂಪನಿಗಳ ಆಡಳಿತ ನೆಟ್ಟಗಿರಬೇಕು ಎಂಬ ಗಾಳಿ ಆಗ ಪೇಟೆಯಿಂದ ನಮ್ಮ ಕಡೆಗೂ ಬೀಸತೊಡಗಿತ್ತು. ಬೆಂಗಳೂರಿನ ಒಂದು ಸಂಸ್ಥೆ, ಕಂಪನಿ ಆಡಳಿತದಲ್ಲಿ ಹೆಸರು ಮಾಡಿದ ಮೂವತ್ತರೊಳಗಿನವರನ್ನು ಗುರುತಿಸಿ 'ಯುವ ಪ್ರತಿಭೆ' ಎಂಬ ಪ್ರಶಸ್ತಿ ಕೊಡುತ್ತಿತ್ತು. ಮಾರುತೇಶ ಅರ್ಜಿ ಹಾಕಿದ್ದ. 'ಶುಕ್ರವಾರ ಬೆಳಿಗ್ಗೆ ನಮ್ಮ ಪರೀಕ್ಷಕರು ಬಂದು ನಿಮ್ಮ ಒಂದು ಸಭೆಯನ್ನು ಕಣ್ಣಾರೆ ನೋಡುವರು' ಎಂದು ಉತ್ತರ ಬಂದಿತ್ತು.

ಆ ಕಾಗದ ಕೈಗೆ ಬಂದ ದಿನವೇ ಕೊಟ್ಟೂರಪ್ಪನವರು ಅವನನ್ನು ಕರೆದು ಹೇಳಿದ್ದರು.

"ಲೇ ಮಾರುತೇಶ, ಮೂರು ತಿಂಗಳಿಗೊಂದ್ಸಲ ನಾಕು ಪುಟ ಬರೀತೀಯ. ಅದೂ ಒಂದು ಕೆಲಸ ಅಂತ ನನಗಿನ್ನೂ ನಂಬಿಕೆ ಬಂದಿಲ್ಲ. ಮೊಳಕಾಲ್ಮೂರು ಡಿಪೋದಾಗೆ ಹಿಂಡಿ ತೂಗಿಸಾಕೆ ಆಳಿಲ್ಲ. ಪ್ರಶಸ್ತಿ ಬಂತು ಅನ್ನು, ನಿಂದು ಕೆಲಸಾನೇ ಅಂತ ಒಪ್ಕೊಂಡು ಇಲ್ಲೇ ಇಟ್ಕೊಂತೀನಿ. ಬರ್ಲಿಲ್ಲ ಅನ್ನು, ಸೋಮವಾರದಿಂದ ಮೊಳಕಾಲ್ಮೂರು."

ಆ ಡಿಪೋದಿಂದ ಎರಡು ವರ್ಷದಲ್ಲಿ ಮೂವರು ಮ್ಯಾನೇಜರುಗಳು ಓಡಿಹೋಗಿದ್ದರು. ಕೊನೆಯವನು ತನ್ನ ಹಾಸಿಗೆಯನ್ನೂ ಬಿಟ್ಟು ಹೋಗಿದ್ದ. ಮಾರುತೇಶನಿಗೆ ಮದುವೆಯಾಗಿ ಆರು ತಿಂಗಳು. ಹೆಂಡತಿ ತೇಜಶ್ರೀ ಚಳ್ಳಕೆರೆಯ ಶಾಲೆಯಲ್ಲಿ ಟೀಚರು. ಅವಳು ಊರು ಬಿಟ್ಟು ಬರುವಂತಿಲ್ಲ, ಅವನಿಗೆ ಅವಳನ್ನು ಬಿಟ್ಟು ಹೋಗುವ ಮನಸ್ಸಿಲ್ಲ. ಆದ್ದರಿಂದ ಶುಕ್ರವಾರ ಬೆಳಿಗ್ಗೆ ಅವನು ನಾಯಕನಹಟ್ಟಿಯ ದಿಕ್ಕಿಗೆ ತಿರುಗಿ ತಿಪ್ಪೇಸ್ವಾಮಿಗೆ ಎರಡು ಸಲ ಕೈಮುಗಿದ. ಒಂದು ಸಲ ತನಗಾಗಿ, ಇನ್ನೊಂದು ಸಲ ತೇಜಶ್ರೀ ಹೇಳಿದ್ದಕ್ಕಾಗಿ.

ಹತ್ತೂಕಾಲಿಗೆ ನಿರ್ದೇಶಕರ ಕಾರು ಬಂತು. ಕೊಟ್ಟೂರಪ್ಪನವರು, ಅವರ ಅಕ್ಕ ಸುಲೋಚನಮ್ಮ, ತಮ್ಮ ಓಂಕಾರಮೂರ್ತಿ ಇಳಿದರು. ಇಳಿದವರು ಕಚೇರಿಯ ಕಡೆ ಬರಲಿಲ್ಲ. ಅಂಗಳದ ಬೇವಿನ ಮರದ ಕೆಳಗೆ ಕಲ್ಲುಬೆಂಚಿನ ಮೇಲೆ ಸಾಲಾಗಿ ಕೂತರು.

"ಒಳಗೆ ಬರ್ರಿ, ಎಲ್ಲಾ ರೆಡಿ ಐತೆ" ಎಂದ ಮಾರುತೇಶ.

"ಇವತ್ತು ಯಾವ ವಾರ?" ಎಂದು ಕೇಳಿದರು ಕೊಟ್ಟೂರಪ್ಪ.

"ಶುಕ್ರವಾರ."

"ಹತ್ತೂವರೆಯಿಂದ ಹನ್ನೆರಡರ ತನಕ ಏನೈತೆ?"

"ಮೀಟಿಂಗ್ ಐತೆ ಸಾರ್."

"ರಾಹುಕಾಲ ಐತೆ ಕಣೋ! ಹೊಸ ಗಾಣದ ಯಂತ್ರ ತಗಳಾಕೆ ರಾಹುಕಾಲದಾಗೆ ಹೂಂ ಅಂದ್ರೆ, ಅದು ಶೇಂಗಾ ಹಿಂಡ್ತೈತಾ, ನಮ್ಮನ್ನ ಹಿಂಡ್ತೈತಾ?"

ಮಾರುತೇಶನ ಮುಖ ಸುಲಿದ ಶೇಂಗಾದಂತೆ ಬಿಳಿಚಿಕೊಂಡಿತು.

"ಹಂಗಾದ್ರೆ ಈಗ್ಲೇ ಶುರು ಮಾಡಾಣ" ಎಂದರು ಓಂಕಾರಮೂರ್ತಿ.

"ನೋಟೀಸಿನಾಗೆ ಹತ್ತೂವರೆ ಐತೆ ಸಾರ್. ಮುಂಚೆ ಮಾಡೋ ಹಂಗಿಲ್ಲ."

"ಹನ್ನೆರಡಕ್ಕೆ ಮಾಡಿದ್ರೆ?"

"ಅರ್ಧ ಗಂಟೆ ಒಳಗೆ ಇಬ್ಬರು ನಿರ್ದೇಶಕರಾದ್ರೂ ಬಂದು ಕೂರ್ಬೇಕು ಸಾರ್. ಇಲ್ದಿದ್ರೆ ಕೋರಂ ಇಲ್ಲ ಅಂತ ಸಭೆ ತಾನಾಗೇ ಮುಂದಕ್ಕೆ ಹೋಗ್ತೈತೆ. ಮುಂದಿನ ವಾರ, ಅದೇ ದಿನ, ಅದೇ ಹೊತ್ತು."

ಸುಲೋಚನಮ್ಮ ಬೆರಳು ಮಡಚಿ ಲೆಕ್ಕ ಹಾಕಿದರು. "ಅದೇ ದಿನ ಅಂದ್ರೆ ಶುಕ್ರವಾರ. ಅದೇ ಹೊತ್ತು ಅಂದ್ರೆ ಆವತ್ತೂ ರಾಹುಕಾಲ. ಅಲ್ವೇನೋ?"

"ಹೌದ್ರಿ."

"ಆ ಕಾನೂನು ಬರೆದ ಪುಣ್ಯಾತ್ಮ ಒಂದ್ಸಲನಾದ್ರೂ ಪಂಚಾಂಗ ಬಿಚ್ಚಿ ನೋಡಬಾರದಾಗಿತ್ತಾ?"

ಆಗಲೇ ಮರದ ಇನ್ನೊಂದು ಪಕ್ಕದಲ್ಲಿ ಪಂಚೆಯುಟ್ಟ ಒಬ್ಬ ಮುದುಕರು ಚೀಲ ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಮಾರುತೇಶ ಸಿಟ್ಟನ್ನು ಎಲ್ಲಿ ತೀರಿಸಿಕೊಳ್ಳಬೇಕೋ ತಿಳಿಯದೆ ಅವರ ಕಡೆ ತಿರುಗಿ, "ಯಜಮಾನ್ರೇ, ಶೇಂಗಾ ವ್ಯಾಪಾರ ಹನ್ನೆರಡರ ಮೇಲೆ" ಎಂದ. ಮುದುಕರು, "ಆಗ್ಲಪ್ಪ, ನನಗೂ ಅದೇ ಅನುಕೂಲ" ಎಂದು ಕಣ್ಣು ಮುಚ್ಚಿ ಜಪಕ್ಕೆ ತೊಡಗಿದರು.

ದಾರಿ ತೋರಿಸಿದವರು ಸುಲೋಚನಮ್ಮನೇ. "ಪ್ರಸ್ಥಾನ ಇಡಾಣ. ನಮ್ಮಪ್ಪ ಕಾಶಿಗೆ ಹೊರಟಾಗ ಏನ್ ಮಾಡಿದ್ದ? ಒಳ್ಳೇ ಹೊತ್ತಿನಾಗೆ ಬಟ್ಟೆ ಗಂಟನ್ನ ಪಕ್ಕದ ಮನೇಲಿ ಇಟ್ಟು ಬಂದ. ಗಂಟು ಹೊರಟ್ರೆ ಮನುಷ್ಯ ಹೊರಟಂಗೇ. ಆಮೇಲೆ ಯಾವಾಗ ಹೋದ್ರೂ ದೋಷ ಇಲ್ಲ."

ಎಲ್ಲರ ಮುಖವೂ ಅರಳಿತು. ಹತ್ತೂ ಇಪ್ಪತ್ತೈದಕ್ಕೆ ಮಾರುತೇಶ ಕೊಟ್ಟೂರಪ್ಪನವರ ಹೆಗಲ ಟವಲು, ಸುಲೋಚನಮ್ಮನ ಎಲೆಅಡಿಕೆ ಚೀಲ, ಓಂಕಾರಮೂರ್ತಿಯವರ ಬಿಸಿಲಕೊಡೆ ಮೂರನ್ನೂ ಒಯ್ದು ಸಭೆಯ ಕುರ್ಚಿಗಳ ಮೇಲೆ ಕೂರಿಸಿದ. ಟವಲನ್ನು ಅಧ್ಯಕ್ಷರ ಕುರ್ಚಿಯಲ್ಲಿ ಸ್ವಲ್ಪ ನೆಟ್ಟಗೆ ಮಾಡಿದ. ಅದು ಕೊಟ್ಟೂರಪ್ಪನವರಿಗಿಂತ ಗಂಭೀರವಾಗಿ ಕೂತಂತೆ ಕಂಡಿತು. ಇನ್ನು ಐದು ನಿಮಿಷ ಕಳೆದರೆ ಒಡೆಯರೂ ಬಂದು ಕೂರುವುದು.

ಅಷ್ಟರಲ್ಲಿ ಗೇಟಿನ ಮುಂದೆ ಒಂದು ಬಸ್ಸು ನಿಂತು, ಇಸ್ತ್ರಿ ಅಂಗಿ, ಕನ್ನಡಕ, ಕಂಕುಳಲ್ಲಿ ಫೈಲು ಇದ್ದ ಒಬ್ಬಾತ ಇಳಿದ. ಪರೀಕ್ಷಕರೆಂದರೆ ಹೀಗಿರಬೇಕು ಎಂದು ಮಾರುತೇಶ ಹೇಗೆ ಅಂದುಕೊಂಡಿದ್ದನೋ ಹಾಗೇ ಇದ್ದ. ಮಾರುತೇಶ ಓಡಿಹೋಗಿ ಅವನ ಫೈಲಿಗೇ ಕೈಹಾಕಿದ.

"ಬನ್ನಿ ಸಾರ್, ಬನ್ನಿ! ದಾರೀಲಿ ತೊಂದರೆ ಆಗ್ಲಿಲ್ಲ ತಾನೇ?"

"ಇಲ್ಲ ಸಾರ್. ನಾನು ಮಲ್ಲಿಕ್ ಅಂತ. ಕೊಟ್ಟೂರಪ್ಪನೋರು ಬರಾಕೆ ಹೇಳಿದ್ರು..."

"ಗೊತ್ತು ಸಾರ್, ಎಲ್ಲಾ ಗೊತ್ತು!" ಎಂದು ಮಾರುತೇಶ ಅವನನ್ನು ತನ್ನ ಕೋಣೆಗೆ ಕರೆದೊಯ್ದು ಫ್ಯಾನಿನ ಕೆಳಗೆ ಕೂರಿಸಿದ. ಕಾಫಿ ಕೊಟ್ಟ, ಖಾರಾಮಂಡಕ್ಕಿ ಕೊಟ್ಟ, ಸಭೆಯ ಪುಸ್ತಕ ಬಿಚ್ಚಿ ಹಾಜರಿ ಎಲ್ಲಿ, ನಿರ್ಣಯ ಎಲ್ಲಿ, ರುಜು ಎಲ್ಲಿ ಎಂದು ಒಂದೊಂದನ್ನೂ ಬಿಡಿಸಿ ಹೇಳಿದ. ಮಲ್ಲಿಕ್ ಪ್ರತಿಯೊಂದಕ್ಕೂ "ಸರೇ ಸಾರ್, ಸರೇ" ಎನ್ನುತ್ತಿದ್ದ. ಇಷ್ಟು ದೊಡ್ಡ ಮನುಷ್ಯನಿಗೆ ಎಂಥ ವಿನಯ ಎಂದು ಮಾರುತೇಶನ ಕಣ್ಣು ತೇವವಾಯಿತು. ಕಿಟಕಿಯಿಂದ ಹೊರಗೆ, "ಪರೀಕ್ಷಕರು ಬಂದವ್ರೆ!" ಎಂದು ಕೂಗಿ ಹೇಳಿದ.

ಇದೆಲ್ಲ ನಡೆಯುವಾಗ ಕಸಗುಡಿಸುವ ದುರುಗಕ್ಕ ಸಭೆಯ ಕೋಣೆಗೆ ಹೋದಳು. ದೊಡ್ಡೋರು ಬರ್ತಾರೆ, ಚೊಕ್ಕಟ ಇಡು ಎಂದು ಮಾರುತೇಶನೇ ಬೆಳಿಗ್ಗೆ ನಾಲ್ಕು ಸಲ ಹೇಳಿದ್ದ. ನೋಡಿದರೆ ಅಧ್ಯಕ್ಷರ ಕುರ್ಚಿಯ ಮೇಲೆ ಎಣ್ಣೆಗಮಟು ಟವಲು! ಅದನ್ನು ಹಿಂಬಾಗಿಲಿನಿಂದ ನಲ್ಲಿಗೆ ಒಯ್ದು ನೆನೆಹಾಕಿದಳು. ಚೀಲವನ್ನೂ ಕೊಡೆಯನ್ನೂ ತಂದು, "ಅಮ್ಮಾರೇ, ಒಳಗೆ ಮರೆತು ಬಂದಿದ್ರಿ" ಎಂದು ಸುಲೋಚನಮ್ಮನ ಕೈಗೇ ಕೊಟ್ಟಳು.

ಆಗ ಗಂಟೆ ಹತ್ತೂ ಮೂವತ್ತೊಂದು. ಒಳಗೆ ಬರಲೆಂದು ಎದ್ದು ನಿಂತಿದ್ದ ಮೂವರೂ ಧೊಪ್ಪನೆ ಮತ್ತೆ ಕೂತರು.

"ಪ್ರಸ್ಥಾನ ವಾಪಸ್ ಬಂತು!" ಎಂದರು ಸುಲೋಚನಮ್ಮ. "ಅದೂ ರಾಹುಕಾಲದಾಗೆ! ಇನ್ನು ನಾನು ಹೊಸ್ತಿಲು ದಾಟಾಕಿಲ್ಲ."

"ನನ್ನ ಟವಲೆಲ್ಲಿ?" ಎಂದರು ಕೊಟ್ಟೂರಪ್ಪ.

"ಸೋಪಿನ ನೀರಾಗೈತೆ ಸಾವ್ಕಾರ್ರೇ" ಎಂದಳು ದುರುಗಕ್ಕ, ಮೆಚ್ಚುಗೆಗೆ ಕಾಯುತ್ತಾ.

ಮಾರುತೇಶ ಓಡಿಬಂದು ಬೇಡಿದ, ಕೈಮುಗಿದ, ಕಾನೂನು ಹೇಳಿದ. ಅಂಗಳಕ್ಕೂ ಕೋಣೆಗೂ ಗಾಣದ ಎತ್ತಿನಂತೆ ಸುತ್ತಿದ. ಯಾರೂ ಏಳಲಿಲ್ಲ. ಕಾಲವೆಲ್ಲ ಒಬ್ಬನೇ ದೇವರದು. ಅದರಲ್ಲಿ ಈ ತುಂಡು ಒಳ್ಳೆಯದು, ಆ ತುಂಡು ಕೆಟ್ಟದ್ದು ಎಂದು ಹೆಕ್ಕಿ ಇಡುವವರು ನಾವು. ಆದರೆ ಹೆಕ್ಕಿದ ಮೇಲೆ ಅದನ್ನು ಬೆರೆಸುವುದು ಬಹಳ ಕಷ್ಟ.

ಹನ್ನೊಂದಕ್ಕೆ ಐದು ನಿಮಿಷವಿತ್ತು. ಕೊಟ್ಟೂರಪ್ಪನವರು ಮಾರುತೇಶನ ಕೋಣೆಯ ಕಿಟಕಿಯ ಹೊರಗೆ ಬಂದು ನಿಂತರು.

"ಲೇ, ಯಾಕೆ ಹಿಂಗೆ ಬೆವರ್ತೀಯ? ಟವಲು ನನ್ನ ಕುರ್ಚಿ ಮೇಲೆ ಐದು ನಿಮಿಷ ಕೂತಿತ್ತೋ ಇಲ್ವೋ?"

"ಕೂತಿತ್ತು ಸಾರ್."

"ಅಂದ್ಮೇಲೆ ನಾನು ಕೂತಂಗೇ. ಬರ್ಕೋ, ಎಲ್ರೂ ಬಂದಿದ್ರು, ಯಂತ್ರ ತಗಳಾಕೆ ಒಪ್ಪಿದ್ರು ಅಂತ. ಹನ್ನೆರಡರ ಮೇಲೆ ರುಜು ಹಾಕ್ತೀನಿ."

ಮಾರುತೇಶ ಮಲ್ಲಿಕ್‌ನ ಮುಖ ನೋಡಿದ. ಮಲ್ಲಿಕ್ ಮಂಡಕ್ಕಿ ಅಗಿಯುತ್ತಾ, "ಬರೀರಿ ಸಾರ್. ಒಂದು ಸಾಲು ಬರೆದ್ರೆ ಯಾರಿಗೇನು ನಷ್ಟ? ನಾನಾಗಿದ್ರೆ ಇಷ್ಟೊತ್ತಿಗೆ ಬರೆದು ಮುಗಿಸ್ತಿದ್ದೆ" ಎಂದ.

ಪರೀಕ್ಷಕನೇ ಬರೆಯೆನ್ನುತ್ತಿದ್ದಾನೆ! ಒಂದೇ ಸಾಲು. ಆ ಸಾಲು ಬರೆದರೆ ಪ್ರಶಸ್ತಿ, ಚಳ್ಳಕೆರೆ, ತೇಜಶ್ರೀ. ಮಾರುತೇಶ ಪೆನ್ನಿನ ಟೋಪಿ ತೆಗೆದ. 'ಅಧ್ಯಕ್ಷರು ಹಾಜರಿದ್ದರು' ಎಂದು ಬರೆಯಲು ಕೈ ಇಟ್ಟ. ಕಣ್ಣ ಮುಂದೆ ಸೋಪಿನ ನೊರೆಯಲ್ಲಿ ತೇಲುವ ಟವಲು ಬಂತು. ಕೈ ಮುಂದಕ್ಕೆ ಹೋಗಲೇ ಇಲ್ಲ. ಹೋಗಲಿ ಎಂದು ಮತ್ತೊಮ್ಮೆ ಯತ್ನಿಸಿದ, ಆಗಲೂ ಹೋಗಲಿಲ್ಲ. ಸರಿಯಾಗಿ ಹನ್ನೊಂದಕ್ಕೆ, 'ಕೋರಂ ಇಲ್ಲದ್ದರಿಂದ ಸಭೆ ಮುಂದಕ್ಕೆ ಹೋಗಿದೆ' ಎಂದು ಬರೆದು, ಪುಸ್ತಕ ಹಿಡಿದು ಬೇವಿನ ಮರದ ಕೆಳಗೆ ಹೋಗಿ ನಿಂತ.

"ಸಾರ್, ತಪ್ಪು ತಿಳೀಬೇಡಿ. ನಿಮ್ಮ ಟವಲಿನ ಮೇಲೆ ನನಗೆ ಗೌರವ ಐತೆ. ಆದ್ರೆ ಟವಲಿಗೆ ಓಟಿಲ್ಲ. ನೀವು ಬಂದಿರ್ಲಿಲ್ಲ, ಬಂದಿರ್ಲಿಲ್ಲ ಅಂತಾನೇ ಬರೆದೀನಿ. ಸೋಮವಾರ ಮೊಳಕಾಲ್ಮೂರಿಗೆ ಹೋಗ್ತೀನಿ."

ಕೊಟ್ಟೂರಪ್ಪನವರ ಮುಖಕ್ಕೆ ಅವರ ಮಿಲ್ಲಿನಲ್ಲಿ ಹೀಗೆ ಹೇಳಿದವರು ಮೂವತ್ತು ವರ್ಷದಲ್ಲಿ ಒಬ್ಬರೂ ಇರಲಿಲ್ಲ. ಅವರು ಹೆಗಲಿಗೆ ಕೈಹಾಕಿ ಇಲ್ಲದ ಟವಲನ್ನು ಹುಡುಕಿದರು. ಮರದ ಆಚೆ ಪಕ್ಕದಲ್ಲಿ ಮುದುಕರ ಜಪ ನಿಂತಿತ್ತು.

ಹನ್ನೆರಡು ಹೊಡೆಯಿತು. ಎಲ್ಲರೂ ಬಲಗಾಲಿಟ್ಟು ಒಳಗೆ ಬಂದರು. ಎಲ್ಲರಿಗಿಂತ ಮುಂದೆ ಬಂದವರು ಆ ಮುದುಕರು. ಚೀಲದಿಂದ ಒಂದು ಕಾಗದ ತೆಗೆದು ಮೇಜಿನ ಮೇಲಿಟ್ಟರು.

"ನಾನು ಮುರುಗೇಂದ್ರಪ್ಪ, ಚಿತ್ರದುರ್ಗದವನು. ಆ ಸಂಸ್ಥೆಯ ಪರೀಕ್ಷಕ. ಬೆಳಿಗ್ಗೆ ಹತ್ತಕ್ಕೇ ಬಂದೆ. ನಿಮ್ಮ ಆಫೀಸು ಇನ್ನೂ ಗುಡಿಸ್ತಿದ್ರು, ಆಮೇಲೆ ರಾಹುಕಾಲ ಬಂತು. ಕೂತೆ." ಮಾರುತೇಶನ ಹೆಗಲ ಮೇಲೆ ಕೈಯಿಟ್ಟರು. "ಈ ವರ್ಷ ಹನ್ನೊಂದು ಕಂಪನಿ ನೋಡಿದೆನಪ್ಪ. ಎಲ್ಲಾ ಕಡೆ ಪುಸ್ತಕ ಚೆನ್ನಾಗಿತ್ತು. ಯಜಮಾನನ ಎದುರಿಗೆ ನಿಂತು ಇಲ್ಲ ಅಂದೋನು ನೀನೊಬ್ಬನೇ. ಪ್ರಶಸ್ತಿ ನಿನಗೇ."

ಮಾರುತೇಶನಿಗೆ ನೆಲ ಎಲ್ಲಿದೆ ಎಂದು ತಿಳಿಯಲಿಲ್ಲ. ಶೇಂಗಾ ವ್ಯಾಪಾರಿ ಎಂದಿದ್ದನ್ನು ನೆನೆದು ಅವರ ಕಾಲಿಗೆ ಬಿದ್ದ. ಸುಲೋಚನಮ್ಮ ಇಬ್ಬರಿಗೂ ದೃಷ್ಟಿ ತೆಗೆದರು. ಆಮೇಲೆ ಎಲ್ಲರ ಕಣ್ಣೂ ಒಟ್ಟಿಗೆ ಮಲ್ಲಿಕ್ ಕಡೆಗೆ ತಿರುಗಿತು.

"ಹಂಗಾದ್ರೆ ನೀನು ಯಾರಪ್ಪ?" ಎಂದರು ಕೊಟ್ಟೂರಪ್ಪ.

"ರಾಂಪುರದೋನು ಸಾರ್. ಮೊಳಕಾಲ್ಮೂರು ಡಿಪೋಗೆ ಮ್ಯಾನೇಜರ್ ಬೇಕು, ಶುಕ್ರವಾರ ಬಂದು ಕಾಣು ಅಂತ ಕಾಗದ ಹಾಕಿಸಿದ್ರಲ್ಲ." ಮಲ್ಲಿಕ್ ಎದ್ದು ಫೈಲು ಬಿಚ್ಚಿದ. "ಹೇಳಾಕೆ ನೋಡಿದೆ. ಇವರು ಮಾತಾಡಾಕೇ ಬಿಡ್ಲಿಲ್ಲ."

ಕೊಟ್ಟೂರಪ್ಪನವರು ಫೈಲು ನೋಡಲಿಲ್ಲ. ಮಲ್ಲಿಕ್‌ನನ್ನು ನೋಡಿದರು, ಮಾರುತೇಶನನ್ನು ನೋಡಿದರು, ಕಣ್ಣು ಅರೆಮುಚ್ಚಿ ಬಹಳ ಹೊತ್ತು ಯೋಚಿಸಿದರು. ತೆರೆದಾಗ ಅವು ಒದ್ದೆಯಾಗಿದ್ದವು.

"ಮಾರುತೇಶ, ನಿನ್ನ ಬೆಲೆ ನನಗೆ ಇವತ್ತು ಗೊತ್ತಾತು ಕಣೋ. ಮೊಳಕಾಲ್ಮೂರಾಗೆ ಮೂರು ಜನಾನೂ ಯಾಕೆ ಓಡಿಹೋದ್ರು? ತೂಕದಾಗೆ ಸುಳ್ಳು ಬರೆದು! ನನ್ನ ಮುಖಕ್ಕೇ ಸುಳ್ಳು ಬರೆಯಾಕಿಲ್ಲ ಅಂದೋನು ತಕ್ಕಡಿ ಮುಂದೆ ಬರೀತಾನಾ? ನಿನ್ನಂಥೋನನ್ನ ಇಲ್ಲಿ ನಾಕು ಪುಟ ಬರೆಯಾಕೆ ಇಟ್ಕೊಂಡು ಕೂತಿದ್ದು ನನ್ನ ತಪ್ಪು. ಸೋಮವಾರದಿಂದ ಡಿಪೋ ಪೂರ್ತಿ ನಿಂದು."

"ಸಾರ್, ಪ್ರಶಸ್ತಿ ಬಂದ್ರೆ ಇಲ್ಲೇ ಅಂದಿದ್ರಿ..."

"ಅದು ನೀನು ಇಂಥೋನು ಅಂತ ಗೊತ್ತಾಗೋಕೆ ಮುಂಚೆ ಅಂದಿದ್ದು."

"ಇಲ್ಲಿ ಸಭೆ ಬರೆಯೋರು ಯಾರು ಸಾರ್?"

"ಇವನೈದಾನಲ್ಲ ಮಲ್ಲಿಕ್. ನೀನೇ ಬೆಳಿಗ್ಗೆಯಿಂದ ಎಲ್ಲಾ ಕಲಿಸಿದೀಯ. ಹೇಳಿದಂಗೆ ಬರೆಯೋ ಹುಡುಗ, ಹಿಂಡಿಗೆ ಕಳಿಸಾಕೆ ಭಯ ಆಗ್ತೈತೆ. ಇಲ್ಲಿ ನನ್ನ ಕಣ್ಣೆದುರಿಗೆ ಇರ್ಲಿ."

"ಸರೇ ಸಾರ್" ಎಂದ ಮಲ್ಲಿಕ್, ಮಾರುತೇಶನ ಕುರ್ಚಿಯಲ್ಲಿ ಕೂತು.

ಮಾರುತೇಶ ಆಸೆಯಿಂದ ಪರೀಕ್ಷಕರ ಕಡೆ ನೋಡಿದ. ಮುರುಗೇಂದ್ರಪ್ಪನವರು ಕೊಟ್ಟೂರಪ್ಪನವರ ಎರಡೂ ಕೈ ಹಿಡಿದುಕೊಂಡು, "ಎಲ್ಲಾ ಕಡೆ ಶಾಲು ಹೊದಿಸಿ ಮರೆತುಬಿಡ್ತಾರೆ. ಪ್ರತಿಭೆ ಗುರುತಿಸಿದ ಗಳಿಗೆಯಲ್ಲೇ ದೊಡ್ಡ ಜವಾಬ್ದಾರಿ ಕೊಟ್ಟೋರು ನೀವೇ ಮೊದಲು" ಎನ್ನುತ್ತಿದ್ದರು.

ಮಧ್ಯಾಹ್ನ ಒಂದೂಕಾಲಿಗೆ ಶಾಲೆಯ ಎದುರಿನ ಬೂತಿನಿಂದ ತೇಜಶ್ರೀ ಫೋನು ಮಾಡಿದಳು. ದೇವರ ದಯೆಯಿಂದ ಎತ್ತಿಕೊಂಡವನು ಮಾರುತೇಶನೇ.

"ಏನಾತು?"

"ಮೊಳಕಾಲ್ಮೂರಿಗೆ ಬೆಳಿಗ್ಗೆ ಮೊದಲ್ನೇ ಬಸ್ಸು ಎಷ್ಟೊತ್ತಿಗೆ, ನಿಮ್ಮ ಹೆಡ್ಮೇಷ್ಟ್ರನ್ನ ಕೇಳ್ತೀಯಾ?"



"ಹೋಗ್ಲಿ ಬಿಡ್ರಿ, ಅಳಬೇಡಿ. ಪ್ರಶಸ್ತಿ ಬರ್ಲಿಲ್ಲ ಅಂದ್ರೆ ಜೀವನ ಏನು ಮುಗಿದೋಗ್ತೈತಾ?"

"ಬಂತು ಕಣೆ" ಎಂದ ಮಾರುತೇಶ. "ಅದಕ್ಕೇ."