ಎಡಬದಿಗೆ ಹೋದ ನಮ್ಮ ಮನೆ

ಎಡ ಯಾವುದು, ಬಲ ಯಾವುದು ಎಂದು ಯಾರಾದರೂ ಕೇಳಿದರೆ ನಾನು ಇಂದಿಗೂ ಶಿಲುಬೆಯ ಗುರುತು ಹಾಕುವ ಕೈಯನ್ನು ಸ್ವಲ್ಪ ಎತ್ತಿ ನೋಡಿಕೊಳ್ಳುವವಳು. ಅಂಥವಳ ತಲೆಗೇ ಈ ಫೋಟೋದ ತಕರಾರು ಬಂದು ಕೂತಿತು.

ಜೆಪ್ಪುವಿನ ಒಂದು ಏರುದಾರಿಯಲ್ಲಿ ನಮ್ಮ ಹಂಚಿನ ಮನೆ ಇತ್ತು. ಈಗಿಲ್ಲ. ಉಳಿದಿರುವುದು ಒಂದೇ ಫೋಟೋ: ಯೂನಿಫಾರ್ಮಿನಲ್ಲಿ ನಾನು, ನನ್ನ ಹಿಂದೆ ಏರುದಾರಿ, ಎಡಕ್ಕೆ ನಮ್ಮ ಗೇಟಿನ ಕಲ್ಲುಕಂಬ. ಮಾಂಯ್, ಅಂದರೆ ನನ್ನ ಅಮ್ಮ, ಮಾತ್ರ "ಏರು ಹತ್ತುವಾಗ ಮನೆ ಬಲಕ್ಕೆ" ಎಂದು ಹಟ ಹಿಡಿದರು. "ಫೋಟೋ ಸುಳ್ಳು ಹೇಳ್ತದಾ? ಮಾಂಯ್‌ಗೆ ಮರೆವು ಸುರುವಾಯ್ತು ಮಾರಾಯ್ತಿ" ಎಂದ ಅಣ್ಣ ರೋನಿ, ಡಾಕ್ಟರರಲ್ಲಿ ಸೋಮವಾರಕ್ಕೆ ಮಾಂಯ್ ಹೆಸರು ಬರೆಸಿಯೇ ಬಿಟ್ಟ. ಅಂದಿನಿಂದ ಮಾಂಯ್ ಏನು ಹೇಳುವುದಿದ್ದರೂ "ನನಗೆ ಸರಿ ನೆನಪಿಲ್ಲ, ಆದರೂ..." ಎಂದು ಶುರು ಮಾಡತೊಡಗಿದರು. ಮೀನಿನ ಸಾರಿಗೆ ಹುಳಿ ಎಷ್ಟು ಎಂದು ಹೇಳುವಾಗಲೂ! ಅದನ್ನು ಕೇಳಿಕೊಂಡಿರಲು ನನ್ನಿಂದಾಗಲಿಲ್ಲ.

ಫೋಟೋ ಹಿಡಿದು ಜೆಪ್ಪುವಿಗೆ ಹೋದೆ. ಎಡಕ್ಕೂ ಫ್ಲ್ಯಾಟು, ಬಲಕ್ಕೂ ಫ್ಲ್ಯಾಟು. ಎಡಗಡೆಯ ವಾಚ್‌ಮನ್ "ಎಂತ ಬೇಕು?" ಎಂದ. "ನಮ್ಮ ಮನೆ ಹುಡುಕ್ತಾ ಇದ್ದೇನೆ." "ಎಷ್ಟನೇ ಮಾಳಿಗೆ?" "ಮಾಳಿಗೆ ಇಲ್ಲ, ಹಂಚಿನದ್ದು." ಆತ ಮರುಕದಿಂದ ಕುರ್ಚಿ ಕೊಟ್ಟ. ಕುಳಿತು ಫೋಟೋ ನೋಡುತ್ತಿದ್ದವಳಿಗೆ ಕಂಡದ್ದು ನನ್ನ ಶಾಲೆಯ ಬ್ಯಾಡ್ಜು. ಅದು ನನ್ನ ಎದೆಯ ಬಲಬದಿಗಿತ್ತು! ನಮ್ಮ ಕಾನ್ವೆಂಟಿನ ಸಿಸ್ಟರರಿಗೆ ಬ್ಯಾಡ್ಜು ಹೃದಯದ ಮೇಲೆಯೇ ಇರಬೇಕು; ಬಲಕ್ಕೆ ಚುಚ್ಚಿಕೊಂಡವಳು ಗೇಟಿನಿಂದಲೇ ವಾಪಸ್ಸು. ಹಾಗಾದರೆ ಸ್ಟುಡಿಯೋದವರು ನೆಗೆಟಿವನ್ನೇ ಮಗುಚಿ ಹಾಕಿ ಪ್ರಿಂಟ್ ತೆಗೆದಿದ್ದಾರೆ. ಫೋಟೋದ ಎಡ ನಿಜದಲ್ಲಿ ಬಲ! ಬಲಬದಿಗೆ ಓಡಿದೆ. ಸ್ಕೂಟರುಗಳ ನಡುವೆ, ಯಾರದೋ ಒದ್ದೆ ಛತ್ರಿಯನ್ನು ತಲೆಗೆ ಸಿಕ್ಕಿಸಿಕೊಂಡು, ಅದೇ ಕಲ್ಲುಕಂಬ ನಿಂತಿತ್ತು.

ಸಾಕ್ಷಿಗೆ ಇರಲಿ ಎಂದು ಏರಿಗೆ ಬೆನ್ನು ಹಾಕಿ, ಕಂಬವೂ ಬರುವಂತೆ ಸೆಲ್ಫಿ ತೆಗೆದು, ಮನೆಗೆ ಬಂದು ಇಬ್ಬರ ಮುಂದೆ ಹಿಡಿದೆ.

"ಇದರಲ್ಲಿಯೂ ಎಡಕ್ಕೇ ಉಂಟಲ್ಲ" ಎಂದ ರೋನಿ.

ನೋಡಿದೆ. ಎಡಕ್ಕೇ! ಬ್ಯಾಡ್ಜು, ನೆಗೆಟಿವ್, ವಾಚ್‌ಮನ್ ಎಲ್ಲವನ್ನೂ ಒಟ್ಟಿಗೆ ಹೇಳಹೋಗಿ, ಯಾವ ಕೈ ಎತ್ತಬೇಕೆಂದು ತಿಳಿಯದೆ ಎರಡನ್ನೂ ಎತ್ತಿ ನಿಂತೆ. ಮಾಂಯ್ ಕನ್ನಡಕ ಏರಿಸಿ ಫೋನನ್ನು ಹತ್ತಿರ ಹಿಡಿದರು.

"ಎಂತ ಬಾಯೆ, ಸೆರಗು ಯಾವಾಗದಿಂದ ಬಲ ಭುಜಕ್ಕೆ ಹಾಕ್ತಿ? ನಿನ್ನ ಫೋನು ಕನ್ನಡಿ ಹಾಗೆ ತೋರಿಸ್ತದೆ. ಮನೆ ಬಲಕ್ಕೇ."

ಈ ಸಲ "ನೆನಪಿಲ್ಲ" ಎನ್ನಲಿಲ್ಲ.

ರೋನಿ ಡಾಕ್ಟರರ ಕ್ಲಿನಿಕ್ಕಿಗೆ ಫೋನ್ ಮಾಡಿದ. ಸೋಮವಾರದ ಹೊತ್ತು ರದ್ದಾಗಲಿಲ್ಲ. ಹೆಸರು ಮಾತ್ರ ಬದಲಾಯಿತು. ನನಗೆ ದಾರಿ ತಪ್ಪಬಾರದೆಂದು ಮಾಂಯ್ ಜೊತೆಗೆ ಬರುತ್ತಾರಂತೆ.