ನನ್ನ ಉಯಿಲಿಗೆ ಸಾಕ್ಷಿ ಸಿಕ್ಕ ಬಗೆ

ಮನುಷ್ಯನನ್ನು ತರ್ಕದಿಂದ ತಿದ್ದಬಹುದೆಂಬ ನಂಬಿಕೆ ನನಗೆ ಕಾಲೇಜಿನ ಚರ್ಚಾಕೂಟದಲ್ಲಿ ಅಂಟಿದ ಕಾಯಿಲೆ. ಅಲ್ಲಿ ಏಳು ನಿಮಿಷಕ್ಕೆ ಗಂಟೆ ಬಾರಿಸುತ್ತಿದ್ದರು, ಚಪ್ಪಾಳೆ ಬೀಳುತ್ತಿತ್ತು, ಎದುರಾಳಿ ಸೋಲೊಪ್ಪಿ ಕೈಕುಲುಕುತ್ತಿದ್ದ. ಸಂಸಾರದಲ್ಲಿ ಗಂಟೆ ಬಾರಿಸುವವರೇ ಇಲ್ಲವೆಂದು ನನಗೆ ತಿಳಿದದ್ದು ಉಯಿಲು ಬರೆಯಲು ಕುಳಿತಾಗ.

ಆಗ ಕೊಡಗು ತನ್ನದೇ ಸರ್ಕಾರವಿದ್ದ ಪುಟ್ಟ ರಾಜ್ಯ. ಹಾಸನದ ಕಡೆಯಿಂದ ಬಂದು ಕುಶಾಲನಗರದ ಬಳಿ ನೆಲೆಸಿದ ಬೇಸಾಯಗಾರರ ಮನೆ ನಮ್ಮದು. ನಾನು ಶಾಲಾ ಮಾಸ್ತರ. ಚೆಟ್ಟಳ್ಳಿಯ ದಾರಿಯಲ್ಲಿ ನಾನೇ ದುಡಿದು ಕೊಂಡ ಸಣ್ಣ ಕಾಫಿ ತೋಟವೊಂದಿತ್ತು. ನನ್ನ ಕಾಲಾನಂತರ ಅದು ಹೆಂಡತಿ ನಂಜಮ್ಮನಿಗೂ ಇಬ್ಬರು ಹೆಣ್ಣುಮಕ್ಕಳಿಗೂ ಮಗನಿಗೂ ಸಮನಾಗಿ ಸೇರಬೇಕೆಂಬುದು ನನ್ನ ಸಂಕಲ್ಪ. ದೇಶಕ್ಕೇ ಹೊಸ ಸಂವಿಧಾನ ಬಂದಿರುವಾಗ ನಮ್ಮ ಮನೆಗೊಂದು ಬರಬಾರದೆ? ಸ್ವಹಸ್ತದಿಂದ ಬರೆಯತೊಡಗಿದೆ. ಪೂರ್ವಪಕ್ಷ, ಉತ್ತರಪಕ್ಷ, ಊಹಿಸಬಹುದಾದ ಆಕ್ಷೇಪಗಳು, ಅವುಗಳ ಖಂಡನೆ ಎಂದು ಪೀಠಿಕೆಯೇ ಹದಿನೆಂಟು ಪುಟವಾಯಿತು. ಆಸ್ತಿಯ ವಿಚಾರ ಕಡೆಯ ಒಂದೇ ಹಾಳೆಯಲ್ಲಿ ಮುಗಿಯಿತು.

ಉಯಿಲಿಗೆ ಇಬ್ಬರು ಸಾಕ್ಷಿಗಳು ಬೇಕು. ತೊಡಕು ಬಂದದ್ದು ಅಣ್ಣ ಸಿದ್ದೇಗೌಡನಿಂದ. "ಹೆಣ್ಮಕ್ಳಿಗೆ ತೋಟ ಬರ್ದ್ರೆ ಅಳಿಯಂದ್ರು ತಿಂತಾರೆ ಕಣೋ. ನೀನಿಲ್ದಿದ್ರೆ ನಾನು ನೋಡ್ಕಳಲ್ವಾ?" ಎಂದ. ವಿಧವೆ ಚಿಕ್ಕಮ್ಮನ ಗದ್ದೆಯನ್ನೂ ಅವನು ಹಾಗೆಯೇ ನೋಡಿಕೊಂಡಿದ್ದ. ಈಗ ಚಿಕ್ಕಮ್ಮ ಅವನ ಅಡುಗೆಮನೆಯ ಪಾತ್ರೆಗಳನ್ನು ನೋಡಿಕೊಳ್ಳುತ್ತಿದ್ದಳು. ಮೂರು ವಾರ ಊರೆಲ್ಲ ಅಲೆದು ವಾದಿಸಿದೆ. ಅಣ್ಣನನ್ನು ಎದುರುಹಾಕಿಕೊಳ್ಳಲು ಯಾರೂ ಸಿದ್ಧರಿರಲಿಲ್ಲ. ನೆರೆಮನೆಯ ಪೂವಯ್ಯ ಮಾತ್ರ, "ನಿಮ್ಮ ಅಣ್ಣ ರುಜು ಹಾಕ್ಲಿ ಮಾಸ್ಟ್ರೇ, ಕೆಳಗೇ ನಾನೂ ಹಾಕ್ತೇನೆ" ಎಂದು ನಕ್ಕ.

ಒಂದು ಭಾನುವಾರ ಬೆಳಿಗ್ಗೆ ಆ ಕಡೆಯ ಹಾಳೆಯನ್ನು ನಂಜಮ್ಮನಿಗೆ ಓದಿ ಹೇಳಿದೆ. ಹಂದಿ ಓಡಿಸಲು ಇಟ್ಟುಕೊಂಡಿದ್ದ ಜೋಡಿನಳಿಗೆಯ ಕೋವಿ ಹಿರಿಯ ಮಗಳಿಗೆ ಎಂದಲ್ಲಿ ಅವಳು ತಡೆದಳು. "ಅದು ಸಿಡಿಯುತ್ತೋ ಇಲ್ವೋ! ಕೆಟ್ಟಿದ್ದನ್ನೆಲ್ಲ ಹೆಣ್ಮಕ್ಳ ತಲೆಗೆ ಕಟ್ತೀರಾ?"

ಆಕ್ಷೇಪ ನ್ಯಾಯವಾದದ್ದು. ಅಂಗಳಕ್ಕಿಳಿದು, ಆಕಾಶಕ್ಕೆ ಗುರಿಯಿಟ್ಟು ಎರಡೂ ನಳಿಗೆಗಳನ್ನು ಪರೀಕ್ಷಿಸಿದೆ. ಎರಡೂ ಸುಸ್ಥಿತಿಯಲ್ಲಿದ್ದವು.

ಕೊಡಗಿನಲ್ಲಿ ಗಂಡುಮಗು ಹುಟ್ಟಿದರೆ ಒಂದು ಗುಂಡು. ಬೆನ್ನುಬೆನ್ನಿಗೆ ಎರಡು ಹಾರಿದರೆ ಆ ಮನೆಯಲ್ಲಿ ಸಾವು. ಮಕ್ಕಳಿಗೂ ಗೊತ್ತಿದ್ದ ಈ ಸಂಗತಿ, ಪೀಠಿಕೆಗೆ ಹತ್ತೊಂಬತ್ತನೆಯ ಪುಟ ಸೇರಿಸುವ ಯೋಚನೆಯಲ್ಲಿದ್ದ ನನಗೆ ಹೊಳೆಯಲಿಲ್ಲ. ಸತ್ತವರು ಯಾರೆಂದು ಊರಿಗೆ ಸಂಶಯವೂ ಬರಲಿಲ್ಲ. ಮೂರು ವಾರದಿಂದ ಉಯಿಲು ಹಿಡಿದು ಅಲೆದವನು ನಾನೊಬ್ಬನೇ ತಾನೆ?

ನಾನು ಒಳಕೋಣೆಯಲ್ಲಿ ಕೋವಿಗೆ ಎಣ್ಣೆ ಹಚ್ಚುತ್ತಿದ್ದಾಗ ಅಂಗಳದಲ್ಲಿ ಅಣ್ಣನ ಗೋಳು ಕೇಳಿಸಿತು. "ಅಯ್ಯೋ ನನ್ನ ತಮ್ಮಾ! ಅಳ್ಬೇಡ ಕಣವ್ವ ನಂಜಮ್ಮಾ. ಆ ತೋಟ ನಿಂದು, ನಿನ್ನ ಮಕ್ಳುದು. ನಾನು ಒಂದು ಕಡ್ಡೀನೂ ಮುಟ್ಟಲ್ಲ!"

ಕಿಟಕಿಯಲ್ಲಿ ಇಣುಕಿದರೆ ಅಂಗಳದ ತುಂಬ ಜನ. ನಂಜಮ್ಮ ಅಳುತ್ತಿರಲಿಲ್ಲ. ಕೈಯಲ್ಲಿ ಮೊರ ಹಿಡಿದೇ ನಿಂತಿದ್ದವಳು ಸೆರಗನ್ನು ಬಾಯಿಗೊತ್ತಿ, "ಇನ್ನೊಂದ್ಸಲ ಹೇಳಿ ಭಾವ, ಹಿಂದ್ಗಡೆಯೋರ್ಗೆ ಕೇಳಿಸ್ಲಿಲ್ಲ" ಎಂದಳು. ಅವನು ಇನ್ನೂ ಗಟ್ಟಿಯಾಗಿ ಹೇಳಿದ.

"ಪಾಪ, ಒಳ್ಳೆ ಮನುಷ್ಯ," ಪೂವಯ್ಯನ ದನಿ. "ಮಾತು ಸ್ವಲ್ಪ ಜಾಸ್ತಿ, ಅಷ್ಟೇ."

"ಸ್ವಲ್ಪವಾ?" ಎಂದರು ಯಾರೋ. ಅಂಗಳವೆಲ್ಲ ಹೂಂಗುಟ್ಟಿತು.

ಇದನ್ನು ಖಂಡಿಸದೆ ಇರಲು ಸತ್ತವನಿಂದ ಮಾತ್ರ ಸಾಧ್ಯ. "ಸಭಿಕರೇ!" ಎನ್ನುತ್ತ ಎಣ್ಣೆಬಟ್ಟೆ ಹಿಡಿದೇ ಹೊರಬಂದೆ. ಅಣ್ಣ ಜಗಲಿಯ ಮೇಲೆ ಕುಸಿದ. ಅವನು ಏಳುವ ಮೊದಲೇ ನಂಜಮ್ಮ ಉಯಿಲಿನ ಆ ಕಡೆಯ ಹಾಳೆಯನ್ನೂ ಲೇಖನಿಯನ್ನೂ ತಂದಿಟ್ಟಿದ್ದಳು. "ಮೊದ್ಲು ನೀವು ಹಾಕಿ," ಎಂದು ನನ್ನ ರುಜು ಪಡೆದು, "ಈಗ ಭಾವ. ಆಡಿದ್ದನ್ನ ಊರೇ ಕೇಳಿದೆ" ಎಂದಳು. ಅಣ್ಣ ಜನರನ್ನು ನೋಡಿದ, ನನ್ನನ್ನು ನೋಡಿದ, ಹಲ್ಲು ಕಚ್ಚಿ ರುಜು ಹಾಕಿದ. "ಇನ್ನೊಂದ್ಸಲ ಸತ್ರೆ ನಾನು ಬರಲ್ಲ, ನೋಡ್ಕೋ!" ಕೊಟ್ಟ ಮಾತಿನಂತೆ ಪೂವಯ್ಯ ಕೆಳಗೇ ತನ್ನದನ್ನು ಸೇರಿಸಿದ.

ಅಷ್ಟು ದೊಡ್ಡ ಸಭೆ ನನಗೆ ಮತ್ತೆಲ್ಲಿ ಸಿಕ್ಕೀತು? ಪೀಠಿಕೆಯನ್ನು ಓದೋಣವೆಂದು ಒಳಗೆಲ್ಲ ತಡಕಾಡಿದೆ. ಸಿಗಲಿಲ್ಲ.

"ಇಷ್ಟು ಜನಕ್ಕೆ ಕಾಫಿ ಬೇಡ್ವಾ?" ಎಂದಳು ನಂಜಮ್ಮ, ಒಲೆಯ ಮುಂದಿನಿಂದ. "ಸೌದೆ ಹಸಿ ಇತ್ತು. ಹೊತ್ತಿಸೋಕೆ ಆ ಹದಿನೆಂಟು ಪುಟಾನೂ ಬೇಕಾಯ್ತು."

ನನಗೂ ಒಂದು ಲೋಟ ಕೊಟ್ಟಳು. ನನ್ನ ವಾದ ಮುಗಿಯುವವರೆಗೂ ಯಾರೊಬ್ಬರೂ ಎದ್ದುಹೋಗದೆ ಕುಳಿತದ್ದು ಅದೊಂದೇ ಸಲ.